ಲಿಯೋನ್ ಪಟ್ಟಣದ ವಿಭೂತಿ

ಲಿಯೋನ್, ಫ್ರಾನ್ಸ್ ದೇಶ
ತಾ. ೭-೨-೧೯೧೩

ಕ್ಲೋಸ್‌ಪೇಟೆಯ ದೊಡ್ಡಬೀದಿಯನ್ನು ಜಗುಲಿಯ ಮೇಲಿಂದಲೇ ಆಳುತ್ತಿರುವ, ಎಲೆಯಡಿಕೆಯ ಕುಟ್ಟಾಣಿಯನ್ನೇ ರಾಜದಂಡವಾಗಿ ಹಿಡಿದಿರುವ, ನನ್ನ ತಾಯಿಯ ತಾಯಿ ಸುಂದರಮ್ಮನವರ ಪಾದಗಳಿಗೆ ಮೊಮ್ಮಗ ಗವಿಸಿದ್ದಯ್ಯನು ಏಳು ಸಮುದ್ರದ ಆಚೆಯಿಂದ ಅಡ್ಡಬಿದ್ದು ಮಾಡುವ ಅರಿಕೆ. (ಎಣಿಸಿದರೆ ಸಮುದ್ರ ಮೂರೇ. ಆದರೆ ಮೂರೆಂದರೆ ಬೀದಿಯವರು ‘ಅಷ್ಟೇಯಾ’ ಅಂದಾರು.)

ಈ ಕಾಗದವನ್ನೂ ಮಾವ ಮಲ್ಲಿಕಾರ್ಜುನಯ್ಯನವರು ಎಂದಿನಂತೆ ಜಗುಲಿಯ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು, ಆಚೆ ಬೀದಿಯ ಎಮ್ಮೆಗಳಿಗೂ ಕೇಳುವ ಹಾಗೆ ಓದುವರೆಂದು ಬಲ್ಲೆ. ಆದಕಾರಣ ಓದುವ ಮಾವನವರಿಗೆ ನಮಸ್ಕಾರ. ನನಗೆ ರೇಷ್ಮೆ ನೂಲು ತೆಗೆಯುವುದನ್ನು ಕಲಿಸಿದ ಗುರು ಬಾಬಾಜಾನ್ ಸಾಹೇಬರಿಗೆ ಸಲಾಮು. ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವ, ಬರುವ ಕಾರ್ತಿಕ ಮಾಸದಲ್ಲಿ ನನ್ನನ್ನು ಮದುವೆಯಾಗುವ ಕಷ್ಟಕ್ಕೆ ಒಳಗಾಗಿರುವ ಮಾವನ ಮಗಳಿಗೆ ಏನೂ ಇಲ್ಲ. ಬೀದಿ ಕೇಳುತ್ತಿದೆ.

ಸರ್ಕಾರದವರು ನನ್ನನ್ನು ಒಂದು ವರ್ಷದ ಮಟ್ಟಿಗೆ ಇಲ್ಲಿಗೆ ಕಳಿಸಿರುವುದು ರೇಷ್ಮೆ ನೂಲಿನ ಪರೀಕ್ಷೆ ಕಲಿಯಲಿಕ್ಕೆ. ಬಾಬಾಜಾನ್ ಸಾಹೇಬರು ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಒಂದೇ ಉಸಿರಿನಲ್ಲಿ ಹೇಳುವುದನ್ನು ಇಲ್ಲಿ ಒಂದು ಯಂತ್ರ, ಇಬ್ಬರು ಗುಮಾಸ್ತರು, ಒಬ್ಬ ಕನ್ನಡಕದವನು ಸೇರಿ ಅರ್ಧ ದಿನದಲ್ಲಿ ಹೇಳುತ್ತಾರೆ. ಇದಕ್ಕೆ ಶಾಸ್ತ್ರವೆಂದು ಹೆಸರು.

ಮೊನ್ನೆ ಬುಧವಾರ ನಮಗೆ ಬಿಡುವಿತ್ತು. ಹೊಳೆ ದಾಟಿ ಹಳೇ ಪೇಟೆಗೆ ಹೋದೆ. ಅಲ್ಲಿ ಸಂತ ಯೋಹಾನನ ದೊಡ್ಡ ಇಗರ್ಜಿ ಇದೆ. ಕಟ್ಟಿ ಮುಗಿಸಲು ಮುನ್ನೂರು ವರ್ಷ ಹಿಡಿಯಿತಂತೆ. ಮೇಸ್ತ್ರಿ ನಮ್ಮ ಕಡೆಯವನೇ ಇರಬೇಕು. ಮುಂದಿನ ಗೋಡೆಯ ದೇವದೂತರಲ್ಲಿ ಬಹಳ ಮಂದಿಗೆ ತಲೆಯೇ ಇಲ್ಲ. ಹಿಂದೆ ಯಾವುದೋ ಮತದ ಜಗಳದಲ್ಲಿ ಒಡೆದರಂತೆ. ಬಾಗಿಲ ಪಕ್ಕದಲ್ಲಿ ಅಂಗೈಯಗಲದ ಚಿತ್ರಗಳನ್ನು ನೂರಾರು ಕೆತ್ತಿದ್ದಾರೆ. ಒಬ್ಬಳು ಮೇಕೆಯ ಮೇಲೆ ಸವಾರಿ ಹೊರಟಿದ್ದಾಳೆ. ದೇವರ ಮನೆಯ ಬಾಗಿಲಲ್ಲಿ ಇಂಥದ್ದನ್ನು ಕೆತ್ತಿದ ಕಲ್ಲುಕುಟಿಗನು ಸಿಕ್ಕಿದ್ದರೆ ಅವನ ಶಿಷ್ಯನಾಗುತ್ತಿದ್ದೆ.

ಒಳಗೆ ಹೋದೆ. ಅಜ್ಜಿ, ಇಲ್ಲಿ ಒಸಿ ಹೊತ್ತು ತಮಾಷೆ ಬಿಟ್ಟು ಹೇಳುತ್ತೇನೆ. ಕಂಬಗಳು ಮೇಲೆ ಹೋಗಿ, ಇನ್ನೂ ಹೋಗಿ, ನಮ್ಮ ಕುತ್ತಿಗೆ ನೋಯುವಷ್ಟು ಮೇಲೆ ಹೋಗಿ, ಎದುರು ಸಾಲಿನ ಕಂಬಗಳ ಜೊತೆ ಚೂಪಾಗಿ ಕೂಡಿಕೊಳ್ಳುತ್ತವೆ, ಕೈಮುಗಿದಾಗ ಬೆರಳುಗಳು ಕೂಡುವ ಹಾಗೆ. ಕಿಟಕಿಗಳಿಗೆಲ್ಲ ಬಣ್ಣದ ಗಾಜು. ಒಂದು ಗಳಿಗೆ ಬಿಸಿಲು ಬಂತು ನೋಡಿ, ಬಾಬಾಜಾನ್ ಸಾಹೇಬರ ಹಿತ್ತಿಲಲ್ಲಿ ಈಗತಾನೆ ಬಣ್ಣಕ್ಕೆ ಅದ್ದಿದ ರೇಷ್ಮೆ ಲಡಿಗಳನ್ನು ನೇತುಹಾಕಿದಂತೆ ನೆಲದ ತುಂಬ ಕೆಂಪು, ನೀಲಿ. ನನ್ನ ಕರೀ ಕೋಟಿನ ಮೇಲೂ ಬಿತ್ತು. ಚಳಿಗಾಲದಲ್ಲಿ ಇಲ್ಲಿ ಆಕಾಶಕ್ಕೂ ಕಂಬಳಿಗೂ ಒಂದೇ ಬಣ್ಣ. ನಾನು ಅಲ್ಲಿಂದ ಕದಲಲಿಲ್ಲ.

ಒಂದು ಮೂಲೆಯಲ್ಲಿ ಐದಾಳೆತ್ತರದ ಗಡಿಯಾರ. ಸರಿಯಾಗಿ ಹನ್ನೆರಡಕ್ಕೆ ಅದರ ನೆತ್ತಿಯ ಮೇಲಿನ ಲೋಹದ ಹುಂಜ ರೆಕ್ಕೆ ಬಡಿದು, ಕತ್ತು ಚಾಚಿ, ಮೂರು ಸಲ ಕೂಗಿತು. ನಿಮ್ಮಾಣೆಗೂ ನಿಜ. ಆಮೇಲೆ ಬೊಂಬೆಗಳು ಗಂಟೆ ಬಾರಿಸಿದವು. ಚನ್ನಪಟ್ಟಣದ ಬೊಂಬೆಯವರು ನೋಡಿದ್ದರೆ ಅಲ್ಲೇ ಚಾಪೆ ಹಾಸಿಕೊಂಡು ಕೂತುಬಿಡುತ್ತಿದ್ದರು.

ಈಗ ಸಭಿಕರು ಎದ್ದು ನಿಲ್ಲತಕ್ಕದ್ದು. ಮುಖ್ಯ ವಿಷಯಕ್ಕೆ ಬಂದೆ. ನೀವು ಕೊಟ್ಟ ವಿಭೂತಿ ಗಟ್ಟಿ ಹಡಗಿನಲ್ಲೇ ಉಪ್ಪುನೀರು ಕುಡಿದು ಶಿವೈಕ್ಯವಾದ ಸಂಗತಿಯನ್ನು ಬೈಗುಳಕ್ಕೆ ಹೆದರಿ ಬರೆದಿರಲಿಲ್ಲ. ಅಂದಿನಿಂದ ಹಣೆ ಬರಿದು. ಕೋಳಿ ಕೂಗಿದ ಮೇಲೆ ನೋಡುತ್ತೇನೆ, ಜನ ಸಾಲುಗಟ್ಟಿ ನಿಂತಿದ್ದಾರೆ. ಅಲ್ಲಿಯ ಅಯ್ಯನವರೊಬ್ಬರು ಬಟ್ಟಲು ಹಿಡಿದು ಒಬ್ಬೊಬ್ಬರ ಹಣೆಗೂ ಬೂದಿ ಇಡುತ್ತಿದ್ದಾರೆ. ಬೂದಿ! ನಿಮ್ಮ ಕೈಯಲ್ಲಿ ಬೆಳೆದವನು ಬೂದಿ ಕಂಡ ಕಡೆ ಹಣೆ ಒಡ್ಡದೆ ಇರುತ್ತಾನೆಯೇ? ಹೋಗಿ ನಿಂತೆ. ವರ್ಷಕ್ಕೊಂದೇ ದಿನ ಹೀಗೆ ಇಡುವುದಂತೆ. ಇನ್ನು ನಲವತ್ತು ದಿನ ನಮ್ಮ ಮನೆಯೊಡತಿ ಮುದುಕಿ ಮಾಂಸ ಮುಟ್ಟಳಂತೆ. ಹಣೆಗೆ ಬೂದಿ, ಹೊಟ್ಟೆಗೆ ಸೊಪ್ಪು: ಇಲ್ಲಿಯ ನಮ್ಮ ಬೀದಿಗೆ ಬೀದಿಯೇ ಲಿಂಗಾಯತರಾದಂತಾಯಿತು.

ನನ್ನ ಸರದಿ ಬಂತು. ಅಯ್ಯನವರು ಏನೋ ಮಂತ್ರ ಹೇಳಿ ಬೂದಿ ಇಟ್ಟರು. ಪಕ್ಕದವಳ ಹಣೆ ನೋಡಿದ ಮೇಲೆ ತಿಳಿಯಿತು, ಇಟ್ಟದ್ದು ಮೂರು ಅಡ್ಡಗೆರೆಯಲ್ಲ. ಒಂದು ಉದ್ದ, ಒಂದು ಅಡ್ಡ. ಶಿಲುಬೆ.

ಮುಂದೇನಾಯಿತು? ಅದನ್ನು ಇನ್ನೊಂದು ಕಾಗದದಲ್ಲಿ ಅರಿಕೆ ಮಾಡುತ್ತೇನೆ. ಅಲ್ಲಿಯತನಕ ಬೀದಿಯವರು ನಿದ್ದೆಗೆಟ್ಟರೆ ಜವಾಬ್ದಾರಿ ನನ್ನದಲ್ಲ.

ತಮ್ಮ ಬೈಗುಳವಿಲ್ಲದೆ ಬಡವಾಗಿರುವ
ಗವಿಸಿದ್ದಯ್ಯ

*

ಕ್ಲೋಸ್‌ಪೇಟೆ
ತಾ. ೯-೩-೧೯೧೩

ಚಿರಂಜೀವಿ ಗವಿಸಿದ್ದನಿಗೆ ಅಜ್ಜಿ ಸುಂದರಮ್ಮನ ಆಶೀರ್ವಾದ. ಬರೆದುಕೊಡುತ್ತಿರುವವಳು ಬಾಗಿಲ ಸಂದಿಯ ಉಮಾಮಹೇಶ್ವರಿ. ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆಯಬೇಕೆಂದು ಅಜ್ಜಿ ಆಣೆ ಹಾಕಿಸಿಕೊಂಡಿದ್ದಾರೆ. ಆದಕಾರಣ ಬೈಗುಳ ಅವರದು, ಕೈಬರಹ ಮಾತ್ರ ನನ್ನದು.

“ಲೇ ಸಿದ್ದ, ನಿನ್ ಬಾಯಿಗೆ ಬೂದಿ ಹಾಕ.” (ಬೂದಿ ಅನ್ನೋದು ಈಗ ಬ್ಯಾಡ, ಹೊಡೆದಾಕು ಅಂದರು. ಹೊಡೆದುಹಾಕಿಲ್ಲ.) “ನಿಮ್ ಮಾವ ಬೀದಿನೆಲ್ಲ ಕೂರಿಸ್ಕಂಡು ಓದ್ತಿದ್ದ. ಕೋಳಿ ಕೂಗ್ತು ಅಂದಾಗ ಎಲ್ಲಾ ಬಿದ್ದೂ ಬಿದ್ದೂ ನಕ್ರು. ‘ಸಿದ್ದ ಅಲ್ಲಿಗೋಗಿ ಸುಳ್ಳಲ್ಲಿ ಬಿಎ ಪಾಸ್ ಮಾಡವ್ನೆ’ ಅಂದ್ರು. ಆಮೇಲೆ ಶಿಲುಬೆ ಬಂತು. ನಿಮ್ ಮಾವ ಓದಾದು ಅಲ್ಲೇ ನಿಲ್ಲಿಸ್ದ. ಕಾಗದ ಮಡಚ್ದ, ಕೆರ ಬಿಡ್ದೆ ಒಳೀಕ್ ಬಂದ್ಬುಟ್ಟ. ಈ ಬೀದಿಯೋರು ಕೋಳಿನ ನಂಬ್ನಿಲ್ಲ ಕಣ್ಲಾ, ಶಿಲುಬೆನ ನಂಬುದ್ರು.

“ಮಾರನೆ ದಿನದಿಂದ ಒಂದೇ ಮಾತು. ‘ಮಲ್ಲಿಕಾರ್ಜುನಯ್ಯನ ಅಳಿಯ ಕಿರಸ್ತಾನ ಆಗೋದ್ನಂತೆ.’ ನಾನು ನಿಮ್ ಮಾವನ್ಗೆ ಅಂದೆ, ‘ಅವ್ನು ಹುಟ್ಟಿದಾಗಿಂದ ತರಲೆ, ಹೆಂಗ್ ಬರೀತಾನೆ ಗೊತ್ತಿಲ್ವೇನ್ಲಾ?’ ಅವ್ನು ಅಂದ, ‘ತರಲೆ ಅಂತ ನಿಂಗೊತ್ತು, ನಂಗೊತ್ತು. ಊರಿಗೆ ಹೆಂಗವ್ವಾ ಹೇಳಾದು? ನಾನೇ ಕೂಗಿ ಕೂಗಿ ಓದಿದ್ನಲ್ಲ!’ ಈಗ ಮಾಗಡಿ ರುದ್ರಯ್ಯ ಅಂತ, ಎಣ್ಣೆ ಅಂಗಡಿಯೋನು, ಅವ್ನಿಗೆ ಹೇಳಿಕಳ್ಸವ್ನೆ. ಯುಗಾದಿ ಕಳೆದೇಟ್ಗೆ ಬಂದು ಉಮಾಗೆ ವೀಳ್ಯ ಇಡ್ತಾರಂತೆ. ನಿನ್ ಜವಾಬು ಬರೋದ್ರೊಳಗೆ ಎಲ್ಲಾ ಮುಗ್ದೋಗಿರ್ತದೆ. ಅದಕ್ಕೇ ನಂಗೆ ಎರಡೇ ಮಾತು ಹೇಳು. ಕೊರಳಾಗೆ ಲಿಂಗ ಐತಾ? ಹೊಟ್ಟೆಗೆ ಏನ್ ತಿಂತಾ ಇದೀಯ? ಮಿಕ್ಕಿದ್ದು ನಾನು ನೋಡ್ಕತೀನಿ.”

ಅಜ್ಜಿ ಹೇಳಿದ್ದು ಇಲ್ಲಿಗೆ ಮುಗಿಯಿತು. ಎಲೆಯಡಿಕೆ ತರಲು ಒಳಗೆ ಹೋಗಿದ್ದಾರೆ, ಆದ್ದರಿಂದ ಬೇಗ ಬರೆಯುತ್ತಿದ್ದೇನೆ. ಭಾವ, ಬೂದಿ ಇಟ್ಟ ಮೇಲೆ ಏನಾಯಿತು? ಬೀದಿಗೆ ಬೇಡ, ನನಗೆ ಹೇಳಿ. ನೀವು ಏನಾಗಿದ್ದರೂ ಒಂದು ಮಾತು ಮೊದಲೇ ತಿಳಿಸಿಬಿಡುತ್ತೇನೆ: ನನಗೆ ಎಣ್ಣೆಯ ವಾಸನೆ ಆಗುವುದಿಲ್ಲ.

ಬರಹಗಾತಿ

*

ಲಿಯೋನ್
ತಾ. ೫-೪-೧೯೧೩

ಪೂಜ್ಯ ಮಾವನವರಿಗೆ ಗವಿಸಿದ್ದಯ್ಯನ ನಮಸ್ಕಾರಗಳು.

ಈ ಕಾಗದದಲ್ಲಿ ಬಿರುದುಗಳಿಲ್ಲ. ಹಾಕಲು ಮೂರು ಸಲ ಕೂತೆ, ಕೈ ಬರಲಿಲ್ಲ. ಅಜ್ಜಿಗೆ ಜವಾಬು ಬೇರೆ ಬರೆದಿದ್ದೇನೆ: ಲಿಂಗ ಎದೆಯ ಮೇಲೇ ಇದೆ, ತಿನ್ನುವುದು ಬ್ರೆಡ್ಡು, ಹಾಲು, ಆಲೂಗೆಡ್ಡೆ. ತಮಗೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶಿಲುಬೆ ಬಿತ್ತೆಂದು ತಿಳಿದ ಕೂಡಲೇ ನಾನು ಅಲ್ಲೇ, ಕಂಬದ ಮರೆಗೂ ಹೋಗದೆ, ಮೂರು ಬೆರಳಿನಿಂದ ಬೂದಿಯನ್ನು ಎಡದಿಂದ ಬಲಕ್ಕೆ ಎಳೆದುಕೊಂಡೆ. ಮೂರು ಗೆರೆ ಸರಿಯಾಗಿ ಮೂಡಿತು. ಹಿಂದೆ ನಿಂತಿದ್ದ ಮುದಿ ನೇಕಾರನು ನನ್ನನ್ನು ನುಂಗುವ ಹಾಗೆ ನೋಡಿದ. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ ಕೇಳಿದ. ನನ್ನ ಅರ್ಧಂಬರ್ಧ ಭಾಷೆಯಲ್ಲಿ, ನಮ್ಮಲ್ಲಿ ಹೀಗೆ ಎಂದೆ. ಅವನು ನನ್ನ ಬೆನ್ನಿಗೊಂದು ಗುದ್ದು ಕೊಟ್ಟು ನಕ್ಕುಬಿಟ್ಟ. ಅಯ್ಯನವರು ಹೇಳಿದ ಮಂತ್ರದ ಅರ್ಥವನ್ನೂ ಅವನೇ ಹೇಳಿದ: ಮಣ್ಣಾಗಿದ್ದೀಯೆ, ಮತ್ತೆ ಮಣ್ಣಾಗುತ್ತೀಯೆ. ಅಷ್ಟೇ. ಇದನ್ನು ನಮ್ಮ ಮಠದಲ್ಲಿ ಹೇಳಿದ್ದರೂ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಇಷ್ಟನ್ನೂ ಆ ಕಾಗದದಲ್ಲೇ ಬರೆಯಬಹುದಾಗಿತ್ತು. ಎರಡು ಸಾಲಿನ ಮಾತು. ಜಗುಲಿಯವರು ಬಾಯಿಬಿಟ್ಟುಕೊಂಡು ಕಾಯಲಿ ಎಂಬ ಹುಡುಗಾಟಕ್ಕೆ ಬಿಟ್ಟೆ. ಓದುತ್ತ ನಿಂತವರು ತಾವು ಎಂಬುದನ್ನು ಮರೆತೆ. ತಮ್ಮ ಮಾತು ನಡುಬೀದಿಯಲ್ಲಿ ನಿಂತುಹೋಯಿತೆಂದು ಉಮಾ ಬರೆದಿದ್ದಾಳೆ. ಅದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿಲ್ಲ. (ಅನ್ನವೇ ಸಿಗುವುದಿಲ್ಲ ಎನ್ನುವುದು ಬೇರೆ ವಿಷಯ. ಕ್ಷಮಿಸಬೇಕು, ಅಭ್ಯಾಸ.)

ಆ ಸಾಲಿನಲ್ಲಿ ಯಾಕೆ ನಿಂತೆ ಎಂದು ತಾವು ಕೇಳಬಹುದು. ಕಾಗದದಲ್ಲಿ ತಮಾಷೆಗೆ ಏನೋ ಬರೆದೆ. ನಿಜವೇನೆಂದರೆ, ಕ್ಲೋಸ್‌ಪೇಟೆ ಸ್ಟೇಷನ್ನಿನಲ್ಲಿ ಗಾಡಿ ಹೊರಡುವಾಗ ತಾವು ಕಿಟಕಿಯೊಳಗೆ ಕೈಹಾಕಿ ನನ್ನ ಹಣೆಗೆ ವಿಭೂತಿ ಹಚ್ಚಿದಿರಿ. ಆಮೇಲೆ ಐದು ತಿಂಗಳು ನನ್ನ ಹಣೆಯನ್ನು ಯಾರೂ ಮುಟ್ಟಿರಲಿಲ್ಲ.

ಈ ಕಾಗದ ಬರುವಷ್ಟರಲ್ಲಿ ಮಾಗಡಿಯವರು ಬಂದು ಹೋಗಿರುತ್ತಾರೆ. ತಾವು ಮಾಡಿದ್ದೇ ಸರಿ ಎನ್ನುವಷ್ಟು ದೊಡ್ಡವನು ನಾನಲ್ಲ. ಉಮಾ ಒಪ್ಪಿದ್ದಾಳೆಯೇ ಎಂದು ಒಂದು ಸಲ ಕೇಳಿ.

ತಮ್ಮ ತಂಗಿಯ ಮಗ
ಗವಿಸಿದ್ದಯ್ಯ

*

ಕ್ಲೋಸ್‌ಪೇಟೆ
ತಾ. ೧೩-೪-೧೯೧೩

ಚಿರಂಜೀವಿ ಗವಿಸಿದ್ದನಿಗೆ ಅಜ್ಜಿಯ ಆಶೀರ್ವಾದ. ನಿಮ್ಮ ಜವಾಬು ಇನ್ನೂ ಬಂದಿಲ್ಲ. ಆದರೆ ಅಜ್ಜಿ ಕಾಯುವವರಲ್ಲ. ಮುಂದಿನದೆಲ್ಲ ಅವರ ಮಾತು. ನಗು ಬಂದು ಅಲ್ಲಲ್ಲಿ ಮಸಿ ಚೆಲ್ಲಿದ್ದು ಮಾತ್ರ ನನ್ನದು.

“ಲೇ ಕೂಸೆ, ನಿಂಗೆ ಏನಾಗೈತೆ ಅಂತ ನೋಡಾಕೆ ನಾನೇ ಇಗರ್ಜಿಗೆ ಹೋಗಿದ್ದೆ. ಬಾಬಾಜಾನು ನೂಲು ಮಾರಾಕೆ ಬೆಂಗ್ಳೂರಿಗೆ ಹೊಂಟಿದ್ದ. ಕಣ್ಣು ತೋರ್ಸಬೇಕು ಅಂತ ನಿಮ್ ಮಾವನ್ಗೆ ಹೇಳಿ, ಬಾಬಾಜಾನು ಅವ್ನ ಹೆಂಡ್ರು ಫಿರೋಜಾ ಜೊತೇಲಿ ರೈಲು ಹತ್ತುದೆ. ಬಿಳೀ ದೊರೆಗಳಿರೋ ದಂಡಿನ ಕಡೆ ಒಂದು ದೊಡ್ಡ ಇಗರ್ಜಿ ಐತೆ, ನೀನು ಬರೆದಂಗೇ ಚೂಪು ಚೂಪು. ಅವರಿಬ್ರೂ ಬಾಗ್ಲಲ್ಲೇ ಕುಂತ್ರು. ನಾನು ಲಿಂಗದ ಮೇಲೆ ಕೈ ಇಟ್ಕಂಡು ಒಳೀಕ್ ಹೋದೆ. ಏನಿಲ್ಲ ಕಣ್ಲಾ, ತಂಪಾಗಿತ್ತು. ಒಸಿ ಕುಂತ್ಕಂಡೆ. ಕಾಲುನೋವು ಕಮ್ಮಿ ಆಯ್ತು.

“ಒಬ್ಬ ಮುದುಕ ಪಾದ್ರಿ ಬಂದ. ಬಿಳೀ ದೊರೆ, ಆದ್ರೆ ಕನ್ನಡ ಮಾತಾಡ್ತಾನೆ, ಪುರಾಣ ಓದ್ದಂಗೆ. ‘ಬೂದಿ ಹಚ್ಚಿಸ್ಕಂಡೋರು ನಿಮ್ಮೋರು ಆಗ್ಬುಡ್ತಾರಾ?’ ಅಂತ ಕೇಳ್ದೆ. ‘ಇಲ್ಲ ತಾಯಿ, ಅದು ಸಾಯುತ್ತೇವೆಂಬುದರ ನೆನಪು ಮಾತ್ರ. ಬೂದಿಯಿಂದಲೇ ನಮ್ಮವರಾಗುವುದಿದ್ದರೆ ನಾನು ನಲವತ್ತು ವರುಷ ಇಷ್ಟು ಕಷ್ಟಪಡುತ್ತಿರಲಿಲ್ಲ’ ಅಂದ. ಯಾರಿಗೆ, ಎಲ್ಲಿ, ಅಂತ ಕೇಳ್ದ. ನೀನೀಗ ಇರೋ ಊರಿನ ಹೆಸರು ಹೇಳ್ದೆ. ಹಂಗೇ ಬೆಂಚು ಹಿಡ್ಕಂಡ್ಬುಟ್ಟ. ‘ಆ ಹುಂಜವು ಇನ್ನೂ ಕೂಗುತ್ತದೆಯೋ?’ ಅಂದ. ಸಣ್ಣ ಹುಡುಗ್ನಲ್ಲಿ ಅವ್ರಮ್ಮನ ಕೈ ಹಿಡ್ಕಂಡು ನೋಡಾಕ್ ಹೋಗ್ತಿದ್ನಂತೆ. ‘ಮೂರು ಸಲ ಕೂಗ್ತದಂತಪ್ಪ’ ಅಂದೆ. ಕಣ್ಣಲ್ಲಿ ನೀರಾಕಂಡ. ಊರು ಬುಟ್ಟೋನು, ಪಾಪ. ನಂಗೂ ನಿನ್ ಗ್ಯಾಪಕ ಬಂತು. ಸೆರಗಲ್ಲಿ ವಿಭೂತಿ ಇತ್ತು, ಒಂದು ಚಿಟಿಕೆ ಕೊಟ್ಟೆ. ಎರಡು ಕೈಲೂ ಇಸ್ಕಂಡು, ಕಾಗದದಾಗೆ ಮಡಚಿ, ಗ್ರಂಥದೊಳಗೆ ಇಟ್ಕಂಡ.

“ಸಂಜೆ ಮನೆಗೆ ಬತ್ತೀನಿ, ಮಾಗಡಿಯೋರು ಒಂದಿನ ಮುಂಚೇನೇ ಬಂದು ಜಗಲಿ ಮೇಲೆ ಕುಂತವ್ರೆ. ರುದ್ರಯ್ಯ, ಅವ್ನ ತಾಯಿ. ತಟ್ಟೇಲಿ ವೀಳ್ಯ. ರುದ್ರಯ್ಯನ ತಾಯಿ ಕೇಳುದ್ಲು, ‘ಕಣ್ಣು ತೋರಿಸ್ದಾ ಅಕ್ಕಯ್ಯ? ಯಾವ ಆಸ್ಪತ್ರೆ?’ ‘ಆಸ್ಪತ್ರೆಗಲ್ಲ ಕಣವ್ವ, ಇಗರ್ಜಿಗೋಗಿದ್ದೆ’ ಅಂದೆ. ಬಾಯಾಗಿದ್ದ ಎಲೆಯಡಿಕೆ ಹಂಗೇ ನುಂಗ್ಬುಟ್ಲು. ‘ಮೊಮ್ಮಗ ಒಬ್ನೇ ಅಂದ್ಕಂಡಿದ್ವಿ, ಅಜ್ಜೀನೂವಾ? ಏಳ್ಲಾ ರುದ್ರ!’ ಅಂತ ಗಾಡಿ ಕಟ್ಟಿಸ್ಕಂಡು ಹೊಂಟೇ ಹೋದ್ರು.

“ನಿಮ್ ಮಾವ ಹಾರಾಡ್ದ. ‘ಅವ್ವಾ, ಇದ್ದ ಮಾನಾನೂ ಕಳದ್ಬುಟ್ಟೆ!’ ಬಾಬಾಜಾನು ಅಲ್ಲೇ ಇದ್ದ. ‘ಸಾವ್ಕಾರ್ರೆ, ವರ್ಷಾ ವರ್ಷಾ ಉರುಸಿಗೆ ಸಕ್ರೆ ಓದ್ಸಕ್ಕೆ ನಮ್ ದರ್ಗಾಕ್ ಬರ್ತೀರಿ. ಬಂದಾಗೆಲ್ಲ ನೀವು ತುರ್ಕ ಆಗಿದ್ರೆ ಇಷ್ಟೊತ್ಗೆ ನಂಗಿಂತ ದೊಡ್ಡ ಮುಸಲ್ಮಾನ ಆಗ್ಬೇಕಿತ್ತು’ ಅಂದ. ಮಾವ ಅವನ್ ಕಡೆ ತಿರುಗ್ದ. ನಾನು ಅಂದೆ, ‘ಲೇ ಮಲ್ಲಿಕಾರ್ಜುನ, ಇಲ್ಲಿ ಕೇಳು. ಅಲ್ಲಿ ಪಾದ್ರಿ ಕೈಲಿ ಬೂದಿ ತಗಂಡು ನಮ್ ಹುಡುಗ ಕಿರಸ್ತಾನ ಆದ ಅಂತೀಯ. ಇಲ್ಲಿ ನನ್ ಕೈಲಿ ವಿಭೂತಿ ತಗಂಡು ಒಬ್ಬ ಪಾದ್ರಿ ಲಿಂಗಾಯ್ತ ಆಗವ್ನೆ. ಒಬ್ಬ ಹೋದ, ಒಬ್ಬ ಬಂದ. ಮಠಕ್ಕೆ ಬರದಾಕು. ಆ ಪಾದ್ರಿಗೆ ಎಪ್ಪತ್ತು ವರ್ಷ, ಹಲ್ಲಿಲ್ಲ. ಉಮಾನ ಅವ್ನಿಗೇ ಕೊಡ್ತೀಯೇನ್ಲಾ?’”

ಭಾವ, ಅಜ್ಜಿಗೆ ಈಗ ನಿದ್ದೆ ಹತ್ತಿತು. ಉಳಿದದ್ದು ನಾನು ಕಂಡದ್ದು. ಅಪ್ಪ ಧುಮುಧುಮು ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಬಾವಿಯ ಕಡೆಯಿಂದ ಯಾರೋ ಕೆಮ್ಮಿದಂತೆ ಸದ್ದು. ಹೆದರಿ ನೋಡಲು ಹೋದೆ. ಅಪ್ಪ ರಾಟೆಯ ಕಂಬ ಹಿಡಿದುಕೊಂಡು, ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು, ಒಬ್ಬರೇ ನಗುತ್ತಿದ್ದರು. ನನ್ನನ್ನು ಕಂಡು ಮುಖ ಬಿಗಿದುಕೊಂಡು, “ಏನ್ ನೋಡ್ತೀಯೆ, ಎಮ್ಮೆಗೆ ಹುಲ್ ಹಾಕೋಗು” ಎಂದರು. ಎಮ್ಮೆಗೆ ಆಗಲೇ ಹಾಕಿದ್ದೆ. ಮತ್ತೆ ಹಾಕಿದೆ.

ಬರಹಗಾತಿ

*

ಕ್ಲೋಸ್‌ಪೇಟೆ
ತಾ. ೩-೫-೧೯೧೩

ಗವಿಸಿದ್ದಯ್ಯನಿಗೆ ಮಲ್ಲಿಕಾರ್ಜುನಯ್ಯನು ತಿಳಿಸುವುದೇನೆಂದರೆ,

ನಿನ್ನ ಐದನೇ ತಾರೀಖಿನ ಕಾಗದ ತಲುಪಿತು. ಜಗುಲಿಯ ಮೇಲೆ ಓದಲಿಲ್ಲ. ಬೀದಿಯವರು ಕೇಳಿದರು, ಅಳಿಯ ನನಗೆ ಬರೆದದ್ದು, ನನಗೇ ಇರಲಿ ಎಂದೆ.

ನೀನು ಹೇಳಿದಂತೆ ಉಮಾಳನ್ನು ಕೇಳಿದೆ. ಮಾಗಡಿಯ ಮಾತು ಮುಗಿದದ್ದಾಯಿತು, ಇನ್ನು ಏನು ಮಾಡಲಿ ಎಂದೆ. ಹುಡುಗಿ ನೆಲ ನೋಡಿಕೊಂಡು, ಕಾರ್ತಿಕಕ್ಕೆ ಇನ್ನು ಎಷ್ಟು ತಿಂಗಳು ಎಂದು ನನ್ನನ್ನೇ ಕೇಳಿದಳು. ಲಗ್ನ ಕಾರ್ತಿಕ ಮಾಸದಲ್ಲೇ. ಹಡಗು ತಪ್ಪಿಸಿಕೊಂಡೆ ಎಂದು ತಮಾಷೆಗೂ ಬರೆಯಬೇಡ.

ವಿಭೂತಿ ಗಟ್ಟಿ ನಾಲ್ಕು, ಮೇಣದ ಬಟ್ಟೆಯಲ್ಲಿ ಕಟ್ಟಿ ಬೇರೆ ಪಾರ್ಸೆಲ್ ಮಾಡಿದ್ದೇನೆ. ದಿನಾ ಹಚ್ಚಿಕೋ. ಆ ನೇಕಾರ ಮುದುಕನಿಗೂ ಒಂದು ಕೊಡು. ನಮ್ಮ ಹುಡುಗನನ್ನು ಗುದ್ದಿ ಮಾತಾಡಿಸಿದ್ದಾನೆ.

ಸದರಿ ಲಕೋಟೆಯಲ್ಲಿ ಉಮಾಳ ಕಾಗದ ಇದೆ. ನಾನು ಓದಿಲ್ಲ.

ಮಲ್ಲಿಕಾರ್ಜುನಯ್ಯ

*

ಕ್ಲೋಸ್‌ಪೇಟೆ
ತಾ. ೩-೫-೧೯೧೩

(ಎರಡನೆಯ ಹಾಳೆ)

ಮೊದಲನೆಯ ಹಾಳೆಯನ್ನು ಓದಿ ಆಯಿತಲ್ಲ, ಅದನ್ನು ಒಳಗಿಟ್ಟುಬಿಡಿ ಭಾವ. ಈ ಹಾಳೆಯನ್ನು ಮೇಜಿನ ಮೇಲೆ ಬಿಟ್ಟರೂ ಚಿಂತೆಯಿಲ್ಲ, ಇಲ್ಲಿಂದ ಮುಂದೆ ನಾನು ಬಹಳ ಮರ್ಯಾದಸ್ಥಳು.

ಎಂಟು ತಿಂಗಳಿನಿಂದ ಅಜ್ಜಿಯ ಹೆಸರಿನಲ್ಲಿ ನಿಮಗೆ ಬರೆಯುತ್ತಿದ್ದೇನೆ. ಅವರ ಬೈಗುಳಗಳು ನನಗೆ ಎಷ್ಟು ರೂಢಿಯಾಗಿವೆ ಎಂದರೆ, ಇವತ್ತು ನನ್ನದೇ ಕಾಗದ ಶುರುಮಾಡುವಾಗ ‘ಲೇ ಸಿದ್ದ’ ಎಂದು ಬರೆದುಬಿಟ್ಟು ಒಂದು ಹಾಳೆ ಹರಿದೆ. ಹರಿಯಬಾರದಿತ್ತೇನೋ.

ಇಗರ್ಜಿಯ ನೆಲದ ಮೇಲೆ ಬಿದ್ದ ಬಣ್ಣದ ಬಗ್ಗೆ ಇನ್ನೂ ಬರೆಯಿರಿ. ಅಂದು ಬೀದಿಯವರು ಕೋಳಿಗಾಗಿ ಕಾಯುತ್ತಿದ್ದರು. ನಾನು ಬಾಗಿಲ ಸಂದಿಯಲ್ಲಿ ಆ ಸಾಲುಗಳಿಗೇ ನಿಂತುಹೋಗಿದ್ದೆ.

ಅಜ್ಜಿ ಎದುರಿಗೇ ಕೂತಿದ್ದಾರೆ. ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಆಗಿನಿಂದ ನನ್ನ ಕೈಯನ್ನೇ ನೋಡುತ್ತಿದ್ದರು. ಈಗ ಕೇಳಿಯೇಬಿಟ್ಟರು:

“ಏನಮ್ಮೀ ಅಷ್ಟೊತ್ತಿಂದ ಗೀಚ್ತಾ ಇದೀಯ? ನಾನು ಒಂದು ಮಾತೂ ಹೇಳ್ನಿಲ್ವಲ್ಲ. ಓದು ಒಸಿ, ಕೇಳಾನ.”

ನಾನು ಓದಿದೆ: “ಇಲ್ಲಿ ಎಲ್ಲರೂ ಕ್ಷೇಮ.”

ಅಜ್ಜಿ ಹಾಳೆಯನ್ನು ಇಸಿದುಕೊಂಡು, ತಲೆಕೆಳಗಾಗಿ ಹಿಡಿದು, ಎರಡೂ ಕಡೆ ತಿರುಗಿಸಿ ನೋಡಿ, ವಾಪಸ್ಸು ಕೊಟ್ಟರು.

“ಕ್ಷೇಮ ಅನ್ನಾಕೆ ಇಷ್ಟು ಮಸಿ ಬೇಕಾ? ಸರಿ ಬುಡು. ನಂದೂ ಕ್ಷೇಮ ಅಂತ ಸೇರ್ಸು.”

ಸೇರಿಸಿದ್ದೇನೆ.

ಉಮಾಮಹೇಶ್ವರಿ